ಅಂಜನಮ್ಮನವರ ತಿಥಿಯನ್ನು ಐದೂವರೆ ಗಂಟೆ ಸರಿಪಡಿಸಿದ ಬಗ್ಗೆ

ದಿನಾಂಕ: (ದಿನಾಂಕ ನಮೂದಿಸುವ ಅಧಿಕಾರ ಅರ್ಜಿದಾರನಿಗೆ ಇನ್ನೂ ಇದೆಯೇ ಎಂಬುದೇ ಈ ಅರ್ಜಿಯ ಪ್ರಶ್ನೆಯಾದ್ದರಿಂದ ಖಾಲಿ ಬಿಟ್ಟಿದೆ.)

ಇಂದ:
ವಸಿಷ್ಠ ಆರ್., ಬಿ.ಎಸ್ಸಿ. (ಗಣಿತ),
ಮಹಡಿ ಕೋಣೆ,
ಜಯನಗರ 4ನೇ ಟಿ ಬ್ಲಾಕ್, ಬೆಂಗಳೂರು.

ಗೆ:
ಶ್ರೀ ರಾಮಪ್ರಸಾದ ಅವರು,
ನಿವೃತ್ತ ಕಚೇರಿ ಅಧೀಕ್ಷಕರು,
ನಡುಮನೆ, ಕಿಟಕಿ ಪಕ್ಕದ ಕುರ್ಚಿ,
ಅದೇ ವಿಳಾಸ.

ಸೂಕ್ತ ಮಾರ್ಗದ ಮೂಲಕ: ಶ್ರೀಮತಿ ವಿಮಲಾ, ಅಡುಗೆಮನೆ.

ವಿಷಯ: ದಿವಂಗತ ಅಂಜನಮ್ಮನವರ (ತಮ್ಮ ತಾಯಿ, ನನ್ನ ಅಜ್ಜಿ) ವಾರ್ಷಿಕ ತಿಥಿ ತಪ್ಪಿಹೋದದ್ದಕ್ಕೆ ವಿವರಣೆ ಸಲ್ಲಿಸುವ ಹಾಗೂ ನಂತರದ ಅರವತ್ತೊಂದು ದಿನಗಳ ಮೌನದ ಬಗ್ಗೆ ಸೂಕ್ತ ಆದೇಶ ಕೋರುವ ಬಗ್ಗೆ.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ: "ಇನ್ಮೇಲೆ ನೀನೇ ನೋಡ್ಕೋ." (ಈ ವರ್ಷದ ಯುಗಾದಿ, ಬೇವು ಬೆಲ್ಲ ತಿಂದ ಮೇಲೆ.)
2. ಅಂಜನಾಪುರದ ಶ್ರೀಮತಿ ಗೋವಿಂದಮ್ಮ, ಅಂದರೆ ತಮ್ಮ ಅಕ್ಕ, ಖುದ್ದಾಗಿ ಬಂದು ಸಲ್ಲಿಸಿದ ಆಕ್ಷೇಪಣೆ (ಬಾಳೆ ಎಲೆ ಸಹಿತ).
3. ಅಂದಿನಿಂದ ಇಂದಿನವರೆಗೆ ತಾವು ನೀಡದಿರುವ ಎಲ್ಲ ಉತ್ತರಗಳು.

ಮಾನ್ಯರೇ (ಮನೆಯಲ್ಲಿ ಕರೆಯುವಂತೆ, ಅಪ್ಪ),

ಹದಿನಾಲ್ಕು ಮೆಟ್ಟಿಲುಗಳ ಅಂತರದಲ್ಲಿರುವ ತಮಗೆ ಅರ್ಜಿ ಬರೆಯುತ್ತಿರುವುದು ವಿಚಿತ್ರವೆನಿಸಬಹುದು. ಆದರೆ ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದದ್ದು ಕಡತಕ್ಕೆ ಎಂದು ಕಲಿಸಿದವರು ತಾವೇ. ಒಂಬತ್ತನೇ ತರಗತಿಯಲ್ಲಿ ನನಗೆ ರಜಾ ಅರ್ಜಿ ಬರೆಯುವುದನ್ನು ಹೇಳಿಕೊಡುವಾಗ, ಹಾಳೆಯ ಎಡಗಡೆ ಮೂರು ಬೆರಳಿನಷ್ಟು ಅಂಚು ಬಿಡಬೇಕು, ಅದು ಅರ್ಜಿದಾರನ ಜಾಗವಲ್ಲ, ಓದುವವನ ಜಾಗ ಎಂದಿದ್ದಿರಿ. ಅಂಚು ಬಿಟ್ಟಿದ್ದೇನೆ. ಪ್ರಕರಣದ ವಿವರ ಈ ಕೆಳಗಿನಂತಿರುತ್ತದೆ.

1. ನಮ್ಮ ಮನೆಯ ಹನ್ನೊಂದು ಜನ ಹಿರಿಯರ ತಿಥಿಗಳು ತಮ್ಮ ಕಂದು ರಟ್ಟಿನ ನೋಟ್‌ಬುಕ್ಕಿನಲ್ಲಿ ಮಾಸ, ಪಕ್ಷ ಸಹಿತ ದಾಖಲಾಗಿವೆ. ಹನ್ನೆರಡನೆಯ ಸಾಲು ಖಾಲಿ ಇದೆ. ಐದು ವರ್ಷಗಳ ಹಿಂದೆ ಅಜ್ಜಿ ತೀರಿಕೊಂಡ ವಾರದಲ್ಲಿ ತಾವು ಅಲ್ಲಿ "12" ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದಿರಿ. ಮುಂದೆ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಆದಕಾರಣ, ನಾನು ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಏರಿಸಿ, ಪ್ರತಿ ತಿಥಿಗೆ ಒಂದು ವಾರ ಮುಂಚೆ ನೆಂಟರ ಫೋನುಗಳಿಗೆ ಸಂದೇಶ ಹೋಗುವ ವ್ಯವಸ್ಥೆ ಮಾಡಿದಾಗ, ಅಜ್ಜಿಯೊಬ್ಬರ ವಿವರವನ್ನು ಮಾತ್ರ ಮರಣ ಪ್ರಮಾಣಪತ್ರದಿಂದ ತೆಗೆದುಕೊಂಡೆ: ಗುರುವಾರ, ಬೆಳಗಿನ ನಾಲ್ಕು ಗಂಟೆ ನಲವತ್ತು ನಿಮಿಷ. ಗಡಿಯಾರದ ಸಮಯದಿಂದ ತಿಥಿಯನ್ನು ಲೆಕ್ಕ ಹಾಕಿ ಹುಡುಕಬೇಕಾದದ್ದು ಅವರೊಬ್ಬರಿಗೇ.

2. ಮೂರು ವರ್ಷ ನನ್ನ ಲೆಕ್ಕ ಆಷಾಢ ಬಹುಳ ಸಪ್ತಮಿ ಎಂದೇ ಹೇಳಿತು. ಮೂರು ವರ್ಷವೂ ತಾವು ಯುಗಾದಿಗೆ ತಂದ ಪಂಚಾಂಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ತಾಳೆ ನೋಡಿದಿರಿ. ತಾಳೆಯಾಯಿತು. ಈ ವರ್ಷ ಪಂಚಾಂಗವನ್ನು ದೇವರ ಮುಂದಿಟ್ಟು, ಪೆನ್ಸಿಲ್ ತೆಗೆಯದೆ, ಉಲ್ಲೇಖ (1)ರ ಆದೇಶ ನೀಡಿದಿರಿ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ತಾವು ನನಗೆ ವಹಿಸಿದ ಮೊದಲ ಹೊಣೆ ಅದು. ನೀರಿನ ಮೋಟರ್ ಆಫ್ ಮಾಡುವುದನ್ನು ಇಲ್ಲಿ ಪರಿಗಣಿಸಿಲ್ಲ.

3. ಈ ಲೆಕ್ಕವೆಲ್ಲ "ಹಗೇವು" ಎಂಬ ಡೇಟಾಬೇಸಿನಲ್ಲಿ ಇರುತ್ತದೆ. ಡೇಟಾಬೇಸ್ ಎಂದರೆ ತಮ್ಮ ಭಾಷೆಯಲ್ಲಿ ದಾಖಲೆ ಕೊಠಡಿ. ಇದು ಓಪನ್ ಸೋರ್ಸ್, ಅಂದರೆ ಕೊಠಡಿಗೆ ಬೀಗವಿಲ್ಲ. ಒಳಗಿನ ಕ್ರಮವನ್ನು ಯಾರು ಬೇಕಾದರೂ ಓದಬಹುದು. ತಪ್ಪು ಕಂಡರೆ ತಿದ್ದುಪಡಿ ಸಲ್ಲಿಸಬಹುದು. ಸಂಬಳವಿಲ್ಲ. ಒಪ್ಪುವುದು ಬಿಡುವುದು ಅದನ್ನು ನೋಡಿಕೊಳ್ಳುವ ನಾಲ್ಕೈದು ಜನರ ವಿವೇಚನೆ. ಅವರಲ್ಲೊಬ್ಬ ಸಂಗಮೇಶ, ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿದ್ದಾನೆ. ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೆ ಅವರ ಕಡೆ ಹಗೇವು ಎನ್ನುತ್ತಾರೆ. ಹೆಸರಿಟ್ಟವನು ಅವನೇ.

4. ಸದರಿ ಡೇಟಾಬೇಸಿನಲ್ಲಿ ಒಂದು ದೋಷವಿತ್ತು. ಗಡಿಯಾರದ ಸಮಯವನ್ನು ದಿನಾಂಕವಾಗಿ ಪರಿವರ್ತಿಸುವಾಗ ಅದು ನಮ್ಮ ಗಡಿಯಾರ ಬಿಟ್ಟು, ನಮಗಿಂತ ಐದೂವರೆ ಗಂಟೆ ಹಿಂದಿರುವ ಒಂದು ಅಂತರರಾಷ್ಟ್ರೀಯ ಗಡಿಯಾರ ನೋಡುತ್ತಿತ್ತು. ಆದಕಾರಣ ಮಧ್ಯರಾತ್ರಿ ಕಳೆದು ನಮಗೆ ಹೊಸ ತಾರೀಕು ಬಂದರೂ, ಬೆಳಗಿನ ಐದೂವರೆಯವರೆಗೆ ಅದರ ಪಾಲಿಗೆ ನೆನ್ನೆಯೇ. ಪ್ರಮಾಣಪತ್ರದಲ್ಲಿ ಗುರುವಾರ, ಪರದೆಯ ಮೇಲೆ ಬುಧವಾರ. ಅಜ್ಜಿಯನ್ನು ಒಂದು ದಿನ ಮುಂಚಿತವಾಗಿ ಕಳಿಸಿಕೊಟ್ಟಂತೆ ಕಾಣುತ್ತಿತ್ತು. ಇದನ್ನು ನಾನು ಕಳೆದ ಚಳಿಗಾಲದಲ್ಲಿ ಗಮನಿಸಿದೆ. ಸಹಿಸಲಾಗಲಿಲ್ಲ. ಐದು ತಿಂಗಳು ಕೂತು, ಇಂಥ ಪರಿವರ್ತನೆ ನಡೆಯುವ ಹತ್ತೊಂಬತ್ತು ಸ್ಥಳಗಳನ್ನು ಹುಡುಕಿ ತಿದ್ದಿದೆ.

ತಿದ್ದುಪಡಿ ಒಪ್ಪಿಸಿಕೊಳ್ಳಲು ಸಂಗಮೇಶನನ್ನು ಬಿಟಿಎಂ ಎರಡನೇ ಹಂತದ ಒಂದು ಚಹಾ ಅಂಗಡಿಯಲ್ಲಿ ಭೇಟಿಯಾದೆ. ಅಂದಿನ ನಡಾವಳಿ:

"ಲೇ ವಸಿಷ್ಠ, ಇದು ಹನ್ನೊಂದು ವರ್ಷದ ತಪ್ಪೋ. ಇಷ್ಟ್ ಹಳೇ ತಪ್ಪಿನ ಮ್ಯಾಲೆ ಮಂದಿ ಮನಿ ಕಟ್ಟಿರ್ತಾರ. ನೀ ಬುನಾದಿ ಸರಿ ಮಾಡಾಕ ಹೋದ್ರ ಯಾರದೋ ಗ್ವಾಡಿ ಬೀಳತೈತಿ ನೋಡು."

"ಯಾರ್ದು?"

"ಅದು ಗೊತ್ತಿದ್ರ ಫೋನ್ ಮಾಡಿ ಹೇಳ್ತಿದ್ನಲ್ಲ."

"ತಪ್ಪು ತಪ್ಪೇ ಅಲ್ವಾ ಗುರು?"

"ತಪ್ಪ ಐತಿ. ನಾ ಎಲ್ಲಿ ಇಲ್ಲಂದೆ? ಚಾ ಕುಡಿ, ಆರಾಕತ್ತೈತಿ."

ಮೇ ತಿಂಗಳಲ್ಲಿ ಅವನು ತಿದ್ದುಪಡಿ ಒಪ್ಪಿದ. ಅದೇ ವಾರ ನಮ್ಮ ಮನೆಯ ಕಂಪ್ಯೂಟರಿಗೂ ಅದನ್ನು ಹಾಕಿದೆ. ಬೀಳುವ ಗೋಡೆ ಯಾರದೆಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

5. ಇಲ್ಲಿ ಒಂದು ಲೋಪವನ್ನು ನಾನಾಗಿಯೇ ಒಪ್ಪಿಕೊಳ್ಳುತ್ತೇನೆ. ತಿದ್ದುಪಡಿಯ ನಂತರ ನನ್ನ ಲೆಕ್ಕ ಅಜ್ಜಿಗೆ ಸಪ್ತಮಿಯ ಬದಲು ಅಷ್ಟಮಿ ಎಂದು ತೋರಿಸಿತು. ನಾನದನ್ನು ನೋಡಿದೆ. ಹಿಂದಿನ ಮೂರು ವರ್ಷ ನಡೆದದ್ದೇ ತಪ್ಪು, ತಮ್ಮ ಪೆನ್ಸಿಲ್ ಗುರುತೂ ತಪ್ಪು ಎಂದು ತೀರ್ಮಾನಿಸಿದೆ. ತಮಗೆ ಹೇಳಿದರೆ ನೊಂದುಕೊಳ್ಳುತ್ತೀರೆಂದು ಸುಮ್ಮನಾದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಕೆಳಗಿಳಿದು ಬಂದು "ಅಪ್ಪ, ಒಂದ್ ದಿನ ವ್ಯತ್ಯಾಸ ಬರ್ತಿದೆ" ಎಂದು ಹೇಳಲು ಹದಿನಾಲ್ಕು ಮೆಟ್ಟಿಲು ಮತ್ತು ಐದು ಪದ ಸಾಕಿದ್ದವು.

6. ಘಟನೆಯ ದಿನ. ಆಷಾಢ ಬಹುಳ ಸಪ್ತಮಿ, ಬೆಳಿಗ್ಗೆ ಎಂಟು ಗಂಟೆ. ತಿಥಿ ಅಷ್ಟಮಿಗೆ, ಅಂದರೆ ಮಾರನೆಯ ದಿನ, ಎಂದು ನನ್ನ ಸಂದೇಶ ವಾರದ ಮುಂಚೆಯೇ ಎಲ್ಲರಿಗೂ ಹೋಗಿತ್ತು. ತಾವು ಕಿಟಕಿ ಪಕ್ಕದ ಕುರ್ಚಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಿರಿ. ಗೋವಿಂದಮ್ಮತ್ತೆ ಎರಡು ಬಸ್ಸು ಬದಲಾಯಿಸಿ, ಕಂಕುಳಲ್ಲಿ ಬಾಳೆ ಎಲೆಯ ಸುರುಳಿ ಇಟ್ಟುಕೊಂಡು ಬಾಗಿಲಿಗೆ ಬಂದರು.

"ಏನೋ ರಾಮು, ಇನ್ನೂ ಸ್ನಾನ ಆಗಿಲ್ವಾ? ಆಚಾರ್ರು ಎಷ್ಟೊತ್ತಿಗೆ ಬರ್ತಾರೆ?"

"ನಾಳೆ ಅಲ್ವೇನೆ ಅಕ್ಕ? ಮೆಸೇಜ್ ಬಂದಿತ್ತಲ್ಲ."

"ನಿನ್ ಮೆಸೇಜ್ ಯಾರು ನೋಡ್ತಾರೆ. ಇವತ್ತು ಸಪ್ತಮಿ ಕಣೋ. ಏನದು ತಟ್ಟೇಲಿ?"

ಒಗ್ಗರಣೆಯ ವಾಸನೆ ಬಾಗಿಲವರೆಗೂ ಇತ್ತು.

"ಅಮ್ಮನ ತಿಥಿ ದಿನ ಈರುಳ್ಳಿ ತಿಂತಿದ್ಯೇನೋ."

ಆಗ ನಾನು ಮಹಡಿಯಿಂದ ಪ್ರಮಾಣಪತ್ರ ತಂದೆ. ಅದನ್ನು ತರಬಾರದಿತ್ತು. "ಅತ್ತೆ, ಇಲ್ನೋಡಿ, ಗುರುವಾರ ಅಂತಿದೆ. ಗುರುವಾರ ಅಂದ್ರೆ ಅಷ್ಟಮಿ. ಲೆಕ್ಕ ಸರಿಯಾಗೇ ಇದೆ."

"ಕಾಗದ ನೀನೇ ಇಟ್ಕೋ. ಬೆಳಕು ಹರಿಯೋಕ್ ಮುಂಚೆ ಹೋದ್ಲು ನಮ್ಮಮ್ಮ. ಸೂರ್ಯ ಹುಟ್ಟದೆ ದಿನ ಹೆಂಗಪ್ಪಾ ಬದಲಾಗತ್ತೆ? ರಾತ್ರಿ ಹನ್ನೆರಡಕ್ಕೆ ಎದ್ದು ಯಾರಾದ್ರೂ ಬಾಗಿಲಿಗೆ ರಂಗೋಲಿ ಹಾಕ್ತಾರಾ?"

ತಾವು ತಟ್ಟೆ ಕೆಳಗಿಟ್ಟಿರಿ. ಬಾಯಲ್ಲಿದ್ದ ತುತ್ತನ್ನು ನುಂಗದೆ ಹಿತ್ತಲಿಗೆ ನಡೆದಿರಿ. ದಿನ ಸರಿಯಾದದ್ದೇ ಇತ್ತು. ಮಧ್ಯಾಹ್ನಕ್ಕೆ ಇನ್ನೂ ನಾಲ್ಕು ತಾಸಿತ್ತು. ಅಡುಗೆಯವರು ಸಿಗದಿದ್ದರೂ ಅಮ್ಮ ಒಬ್ಬರೇ ಮಾಡಿಬಿಡುತ್ತಿದ್ದರು. ತಾವು ಹಿತ್ತಲಿನಿಂದ ಬಂದು ಆಚಾರ್ರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬೆಳಿಗ್ಗೆ ಏನೂ ತಗೊಂಡಿಲ್ಲ ತಾನೆ?" ತಾವು ಫೋನನ್ನು ಅಮ್ಮನ ಕೈಗೆ ಕೊಟ್ಟಿರಿ. "ಹಾಗಾದ್ರೆ ಇವತ್ತು ಬರಲ್ಲಮ್ಮ. ಅಮಾವಾಸ್ಯೆಗೆ ಇಟ್ಕೊಳ್ಳಿ" ಎಂದರಂತೆ. ಆಮೇಲೆ ತಾವು ನನ್ನನ್ನು ಒಮ್ಮೆ ನೋಡಿದಿರಿ. ಬೈಯಲಿಲ್ಲ. ಉಲ್ಲೇಖ (3) ಅಲ್ಲಿಂದ ಆರಂಭ. ಸಂಜೆಯ ಹೊತ್ತಿಗೆ ಕಂದು ನೋಟ್‌ಬುಕ್ಕು ನನ್ನ ಮೇಜಿನಿಂದ ತಮ್ಮ ಬೀರುವಿಗೆ ಹೋಗಿತ್ತು.

7. ಕಾರಣವೇನೆಂದು ಮಾರನೆಯ ದಿನ ಅರ್ಥವಾಯಿತು. ನನ್ನ ಲೆಕ್ಕ ತಾರೀಕು ಹಿಡಿದು, ಆ ತಾರೀಕಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದನ್ನು ಕೊಡುತ್ತದೆ. ತಾರೀಕು ಬದಲಾಗುವುದು ಮಧ್ಯರಾತ್ರಿ. ಪಂಚಾಂಗದ ದಿನ ಬದಲಾಗುವುದು ಸೂರ್ಯೋದಯಕ್ಕೆ. ನಾಲ್ಕು ನಲವತ್ತಕ್ಕೆ ಪ್ರಮಾಣಪತ್ರದಲ್ಲಿ ಗುರುವಾರ ಬಂದಿತ್ತು, ಮನೆಯಲ್ಲಿ ಬಂದಿರಲಿಲ್ಲ. ಈ ವ್ಯತ್ಯಾಸವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಆದರೂ ಮೂರು ವರ್ಷ ಉತ್ತರ ಸರಿ ಬಂದದ್ದು ಆ ದೋಷದ ದಯೆಯಿಂದ. ಅದು ಬೆಳಗಿನ ಐದೂವರೆಯವರೆಗೆ ನೆನ್ನೆಯನ್ನೇ ಹಿಡಿದುಕೊಂಡಿತ್ತು, ಮತ್ತು ಜಯನಗರದಲ್ಲಿ ಆಷಾಢದ ಸೂರ್ಯ ಹುಟ್ಟುವುದು ಹೆಚ್ಚೂಕಡಿಮೆ ಆರಕ್ಕೆ. ಎಲ್ಲೋ ಕೂತು ಯಾರೋ ಮಾಡಿದ ತಪ್ಪು ಗೋವಿಂದಮ್ಮತ್ತೆಯ ರಂಗೋಲಿಗೆ ಅರ್ಧ ಗಂಟೆಯಷ್ಟು ಹತ್ತಿರವಿತ್ತು. ನನ್ನ ತಿದ್ದುಪಡಿ ಆರು ಗಂಟೆ ದೂರ ಹೋಯಿತು. ಎರಡು ತಪ್ಪುಗಳು ಪರಸ್ಪರ ಆಸರೆಯಾಗಿ ನಿಂತಿದ್ದವು. ನಾನು ಒಂದನ್ನು ತೆಗೆದೆ.

8. ಮೌನದ ಬಗ್ಗೆ. ನಮ್ಮ ಮನೆಯಲ್ಲಿ ಮೊದಲೂ ಮಾತು ಕಡಿಮೆಯೇ. ತಮ್ಮ ಪತ್ರಿಕೆ ಓದುವ ಮೌನ, ಊಟದ ಮೌನ, ಪದಬಂಧದಲ್ಲಿ ಒಂದು ಪದ ಸಿಗದಿದ್ದಾಗಿನ ಮೌನ ಇವುಗಳನ್ನು ನಾನು ಮಹಡಿಯಿಂದಲೇ ಬೇರೆ ಬೇರೆಯಾಗಿ ಗುರುತಿಸಬಲ್ಲೆ. ಈಗಿನದು ಅವುಗಳಲ್ಲಿ ಯಾವುದೂ ಅಲ್ಲ. ನಾನು ಮೆಟ್ಟಿಲಿಳಿಯುವ ಸದ್ದಾದರೆ ತಾವು ಪುಟ ತಿರುಗಿಸುವುದು ನಿಲ್ಲುತ್ತದೆ. ನಾನು ದಾಟಿದ ಮೇಲೆ ಮುಂದುವರಿಯುತ್ತದೆ.

ಅಗತ್ಯ ವ್ಯವಹಾರಗಳು ಅಮ್ಮನ ಮೂಲಕ ನಡೆಯುತ್ತಿವೆ. "ಅವನಿಗೆ ಹೇಳು, ಮೋಟರ್ ಆಫ್ ಮಾಡ್ಲಿ." "ಅಪ್ಪಂಗೆ ಹೇಳಮ್ಮ, ಆಗ್ಲೇ ಮಾಡಿದೀನಿ." ಮೂವರೂ ಒಂದೇ ಕೋಣೆಯಲ್ಲಿರುವಾಗಲೂ ಇದೇ ಕ್ರಮ. ಕಳೆದ ವಾರ ಸದರಿ ಅಧಿಕಾರಿ ಸೌಟು ಹಿಡಿದು ಹೊರಗೆ ಬಂದು, "ನನ್ನೇನು ಟಪಾಲು ವಿಭಾಗ ಅನ್ಕೊಂಡಿದೀರಾ ಇಬ್ರೂ? ಇನ್ನೊಂದ್ ಸಲ ಅವನಿಗೆ ಹೇಳು ಇವನಿಗೆ ಹೇಳು ಅಂದ್ರೆ, ಇಬ್ರಿಗೂ ಸಾರಿಗೆ ಉಪ್ಪು ಹಾಕಲ್ಲ" ಎಂದದ್ದು ತಮಗೂ ಕೇಳಿಸಿರುತ್ತದೆ. ಆಮೇಲೆ ಮಹಡಿಗೆ ಬಂದು ನನಗೆ ಬೇರೆಯದನ್ನೇ ಹೇಳಿದರು. "ನಿಮ್ಮಪ್ಪ ಆಫೀಸಲ್ಲಿ ಯಾರನ್ನೂ ಬೈದವರಲ್ಲ ಕಣೋ. ಯಾರಾದ್ರೂ ಎಡವಟ್ಟು ಮಾಡಿದ್ರೆ ಫೈಲ್ ಅಂಚಲ್ಲಿ 'ಚರ್ಚಿಸಿ' ಅಂತ ಬರೆದು ವಾಪಸ್ ಕಳಿಸೋರಂತೆ. ಆ ಗುಮಾಸ್ತರು ಹೆದರ್ಕೊಂಡ್ ಬರೋರು. ಇವ್ರು ಕೂರಿಸಿ, ಕಾಫಿ ತರಿಸಿ, ಆಮೇಲೆ ಮಾತಾಡೋರು."

ಅರವತ್ತೊಂದು ದಿನಗಳಲ್ಲಿ ನಾನೂ ತಮ್ಮೊಡನೆ ಒಂದು ಮಾತೂ ಆಡಿಲ್ಲವೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಮೊದಲ ಕೆಲವು ದಿನ ಆ ಮೌನ ನನಗೆ ಅನುಕೂಲವಾಗಿಯೇ ಇತ್ತು.

ಅನುಕೂಲ ಮುಗಿದದ್ದು ಭೀಮನ ಅಮಾವಾಸ್ಯೆಯ ದಿನ. ತಪ್ಪಿದ ತಿಥಿಯನ್ನು ಅಂದು ಮಾಡಿದಿರಿ. ಪ್ರತಿ ವರ್ಷ ತಮ್ಮ ಪಕ್ಕ ಕೂತು ದರ್ಭೆ, ಎಳ್ಳು ಎತ್ತಿಕೊಡುವುದು ನನ್ನ ಕೆಲಸ. ಅಂದು ನಾನು ಬಾಗಿಲ ಬಳಿ ನಿಂತಿದ್ದೆ. ಎಳ್ಳಿನ ಬಟ್ಟಲು ನನ್ನಿಂದ ಒಂದು ಮೊಳ, ತಮ್ಮಿಂದ ಮೂರು ಮೊಳ ದೂರದಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದೆ. ಕೇಳದೆಯೂ ಕೊಡಬಹುದಿತ್ತು. ತಾವು ನೆಲಕ್ಕೆ ಕೈಯೂರಿ, ನೋವಿರುವ ಆ ಮಂಡಿಯ ಮೇಲೆ ಎದ್ದು, ಬಂದು, ತಾವೇ ತೆಗೆದುಕೊಂಡು ಹೋಗಿ ಕೂತಿರಿ.

9. ಈವರೆಗೆ ಯಾರ ಗಮನಕ್ಕೂ ತಾರದಿರುವ ಒಂದು ಸಂಗತಿ ಇದೆ. ಅಜ್ಜಿ ಯಾವತ್ತೂ ಗಂಟೆ ಎಷ್ಟು ಎಂದು ಕೇಳಿದವರಲ್ಲ. ಎಚ್ಚರವಾದಾಗಲೆಲ್ಲ "ಬೆಳಕಾಯ್ತೇನೋ?" ಎಂದು ಕೇಳುತ್ತಿದ್ದರು. ಆ ದಿನ ತಾವು ಎರಡು ರಾತ್ರಿ ನಿದ್ದೆಗೆಟ್ಟು ನಡುಮನೆಯಲ್ಲಿ ಮಲಗಿದ್ದಿರಿ, ಅಜ್ಜಿಯ ಹತ್ತಿರ ನಾನಿದ್ದೆ. ನಾಲ್ಕೂವರೆಯ ಸುಮಾರಿಗೆ ಅವರು ಕಣ್ಣು ಬಿಟ್ಟು ಅದನ್ನೇ ಕೇಳಿದರು.

"ಬೆಳಕಾಯ್ತೇನೋ?"

"ಇಲ್ಲ ಅಜ್ಜಿ. ಇನ್ನೂ ಆಗಿಲ್ಲ."

"ಸರಿ ಹಾಗಾದ್ರೆ. ರಾಮೂನ ಎಬ್ಬಿಸಬೇಡ, ಮಲಗ್ಲಿ."

ಹತ್ತು ನಿಮಿಷದ ಮೇಲೆ ತಮ್ಮನ್ನು ಎಬ್ಬಿಸಿದೆ. ಅಷ್ಟರಲ್ಲಿ ಮುಗಿದಿತ್ತು. ಕೊನೆಗೆ ಏನಾದರೂ ಹೇಳಿದರಾ ಎಂದು ತಾವು ಕೇಳಲಿಲ್ಲ. ಅವರ ಮಾತು ಕೇಳಿ ತಮ್ಮನ್ನು ಎಬ್ಬಿಸದೆ ಬಿಟ್ಟವನು ನಾನಾದ್ದರಿಂದ ನಾನಾಗಿ ಹೇಳಲಿಲ್ಲ. ಐದು ವರ್ಷವಾಯಿತು. ಇನ್ನೂ ಬೆಳಕಾಗಿಲ್ಲವೆಂದು ಅವರಿಗೆ ನನ್ನ ಬಾಯಿಂದಲೇ ಹೇಳಿದವನು, ಐದು ವರ್ಷದ ಮೇಲೆ ಪ್ರಮಾಣಪತ್ರ ಹಿಡಿದು, ದಿನ ಬದಲಾಗಿತ್ತೆಂದು ಅವರ ಮಗಳೊಡನೆ ವಾದಿಸಿದೆ.

10. ಕೈಗೊಂಡ ಕ್ರಮ. ಡೇಟಾಬೇಸಿನ ತಿದ್ದುಪಡಿಯನ್ನು ಹಿಂಪಡೆದಿಲ್ಲ. ಜಗತ್ತಿನ ಮಿಕ್ಕವರಿಗೆ ಅದು ಸರಿಯಾಗಿಯೇ ಇದೆ. ನನ್ನ ಲೆಕ್ಕದಲ್ಲಿ ಮಾತ್ರ ಸೂರ್ಯೋದಯಕ್ಕೆ ಮುಂಚಿನ ಸಮಯವನ್ನು ಹಿಂದಿನ ದಿನಕ್ಕೆ ಸೇರಿಸಿದ್ದೇನೆ. ಸಪ್ತಮಿ ಎಂದು ಬರುತ್ತಿದೆ. ಇನ್ನೊಂದು ವಿಷಯ ತಮ್ಮ ಅವಗಾಹನೆಗೆ: ಈ ಬಗೆಯ ತಿದ್ದುಪಡಿ ಮಾಡಿದವರು ಜೊತೆಗೆ ಒಂದು ಪರೀಕ್ಷೆಯನ್ನೂ ಬರೆದಿಡಬೇಕೆಂಬುದು ನಿಯಮ. ಮುಂದೆ ಯಾರು ಏನೇ ಬದಲಾಯಿಸಲಿ, ಆ ಪರೀಕ್ಷೆ ತಾನಾಗಿ ನಡೆದು, ಹಳೆಯ ತಪ್ಪು ಮರಳಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ. ನಾನು ಬರೆದ ಪರೀಕ್ಷೆಯಲ್ಲಿರುವುದು ಆ ಗುರುವಾರ, ನಾಲ್ಕು ಗಂಟೆ ನಲವತ್ತು ನಿಮಿಷ. ಸಂಗಮೇಶ ಆಗಲೇ ಕೇಳಿದ್ದ.

"ನಾಕೂವರಿ ಅಂತ ಹಾಕಲೇ, ಓದಾಕ ಸಸಾರ. ಇದ್ಯಾಕ ನಲವತ್ತು?"

"ಗೊತ್ತಿರೋ ಟೈಮು."

"ಇರ್ಲಿ ಬಿಡು ಹಂಗಾರ" ಎಂದ. ಅಂದಿನಿಂದ ನೆನ್ನೆ ಸಂಜೆಯವರೆಗೆ ಆ ಪರೀಕ್ಷೆ ಎರಡು ಸಾವಿರದ ಮುನ್ನೂರ ಹದಿನೆಂಟು ಬಾರಿ ನಡೆದಿದೆ. ಹೆಸರು ಎಲ್ಲೂ ನಮೂದಿಸಿಲ್ಲ.

ಆದ್ದರಿಂದ, ಉಲ್ಲೇಖ (1)ರ ಆದೇಶವನ್ನು ಹಿಂಪಡೆದ ಬಗ್ಗೆ ಈವರೆಗೆ ಯಾವುದೇ ಆದೇಶ ಬಂದಿಲ್ಲದ ಕಾರಣ, ಮೌನವನ್ನು ಆದೇಶವೆಂದು ಪರಿಗಣಿಸಲು ತಾವೇ ಕಲಿಸಿದ ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ಹಾಗೂ ಇನ್ನಾರು ದಿನಕ್ಕೆ ಮಹಾಲಯ ಅಮಾವಾಸ್ಯೆ ಇರುವ ಕಾರಣ, ಈ ಕೆಳಗಿನವುಗಳನ್ನು ಮಂಜೂರು ಮಾಡಬೇಕಾಗಿ ಕೋರುತ್ತೇನೆ:

(ಅ) ಮಹಾಲಯದ ದಿನ ತಮ್ಮ ಪಕ್ಕ, ಎಳ್ಳಿನ ಬಟ್ಟಲಿಗೆ ಕೈ ಎಟಕುವಷ್ಟು ದೂರದಲ್ಲಿ, ಕೂರಲು ಅನುಮತಿ.

(ಆ) ಕಂದು ನೋಟ್‌ಬುಕ್ಕಿನ ಹನ್ನೆರಡನೆಯ ಸಾಲನ್ನು ತಾವೇ ತಮ್ಮ ಕೈಯಾರೆ ತುಂಬುವುದು. ಅದನ್ನು ನೋಡಿ ನಾನು ಕಂಪ್ಯೂಟರಿಗೆ ಬರೆದುಕೊಳ್ಳುತ್ತೇನೆ. ಪ್ರಮಾಣಪತ್ರ ನೋಡುವುದಿಲ್ಲ.

(ಇ) ಒಂದು ಮಾತು. ಬೈಗುಳವೂ ಆದೀತು.

ಇಂತಿ,
ತಮ್ಮ ವಿಶ್ವಾಸಿ
(ಈ ಪದ ಬಳಸುವ ಅರ್ಹತೆ ಪರಿಶೀಲನೆಯಲ್ಲಿದೆ)
ವಸಿಷ್ಠ

ಲಗತ್ತುಗಳು:
1. ಮರಣ ಪ್ರಮಾಣಪತ್ರದ ನಕಲು. ಮೂಲಪ್ರತಿಯೂ ಇದೆ, ಇನ್ನು ಮುಂದೆ ತಮ್ಮ ಬೀರುವಿನಲ್ಲೇ ಇರಲಿ.
2. ಡೇಟಾಬೇಸ್ ತಿದ್ದುಪಡಿಯ ಮುದ್ರಿತ ಪ್ರತಿ, ಹದಿಮೂರು ಪುಟ. ಓದುವ ಅಗತ್ಯವಿಲ್ಲ. ಪುಟ 9ರಲ್ಲಿ ಅಜ್ಜಿಯ ಸಾಲಿಗೆ ಅಡಿಗೆರೆ ಹಾಕಿದೆ.
3. ಪೆನ್ಸಿಲ್ ಒಂದು, ಹೆರೆದದ್ದು, ಪಂಚಾಂಗಕ್ಕೆ.

ವಿಶೇಷ ಸೂಚನೆ: ಮೇಲಿನ ಯಾವುದನ್ನೂ ಮಂಜೂರು ಮಾಡಲು ಸದ್ಯಕ್ಕೆ ಸಾಧ್ಯವಾಗದಿದ್ದಲ್ಲಿ, ಎಡಗಡೆ ಬಿಟ್ಟಿರುವ ಅಂಚಿನಲ್ಲಿ, ಮೂವತ್ತೆರಡು ವರ್ಷ ಬೇರೆಯವರ ಕಡತಗಳ ಮೇಲೆ ಬರೆದಂತೆ, "ಚರ್ಚಿಸಿ" ಎಂದು ಬರೆದು, ಸಹಿ ಮಾಡಿ, ಮೊದಲನೆಯ ಮೆಟ್ಟಿಲ ಮೇಲೆ ಇಡಬೇಕಾಗಿ ಕೋರಿಕೆ. ಅರ್ಜಿದಾರ ಹದಿನಾಲ್ಕನೆಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಕಾಫಿ ಅವನೇ ತರುತ್ತಾನೆ. ದಿನಾಂಕವನ್ನು ದಯಮಾಡಿ ತಾವೇ ಹಾಕಿ.